ಬಿಳಿ ಟೋಪಿಯವರ ಸಾಲು

ಸ್ತನ ಕ್ಯಾನ್ಸರಿನ ಸಹಾಯಾರ್ಥ ನಡಿಗೆಗೆ ತಂಗಿ ಹೆಸರು ಕೊಟ್ಟಿದ್ದು ಅಕ್ಕನ ಮೇಲಿನ ಸಿಟ್ಟಿಗೆ. ಅಕ್ಕನಿಗೆ ಆಪರೇಷನ್ ಆಗಿ ಎರಡು ವರ್ಷವಾಗಿತ್ತು; ಈ ಸಲದ ಚೆಕಪ್ಪಿಗೆ ಮಾತ್ರ ಸುತರಾಂ ಒಪ್ಪುತ್ತಿರಲಿಲ್ಲ. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ತನ್ನ ಕಾಲಡಿಗೂ ಒಂದು ಬ್ರೇಕ್ ಇರುವ ಕಾರಿನಲ್ಲಿ ಅಷ್ಟು ವರ್ಷ ಕೂತವಳಿಗೆ ಇನ್ನೊಬ್ಬರ ಮಾತಿಗೆ ನಿಲ್ಲುವ ಅಭ್ಯಾಸ ತಪ್ಪಿಹೋಗಿತ್ತು.

"ಹುಡುಕಿದ್ರೆ ತಾನೇ ಸಿಗೋದು? ಹುಡುಕೋದೇ ಬೇಡ," ಎಂದಿದ್ದಳು.

"ಹಾಗಾದ್ರೆ ನಾನು ನಡೀತೀನಿ," ಎಂದಿದ್ದಳು ತಂಗಿ. ಇದಕ್ಕೂ ಅದಕ್ಕೂ ಏನು ಸಂಬಂಧವೆಂದು ಇಬ್ಬರಿಗೂ ಗೊತ್ತಿರಲಿಲ್ಲ.

"ನಡಿ. ಮೈಯಾದ್ರೂ ಕರಗುತ್ತೆ."

ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಮೇಜುಗಳ ಮೇಲೆ ಟೋಪಿಗಳ ರಾಶಿ: ಒಂದು ಗುಲಾಬಿ, ಒಂದು ಬಿಳಿ. ತಂಗಿ ಪರದೆ ಹೊಲಿಯುವವಳು. ಬಟ್ಟೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಹೆಬ್ಬೆರಳಿಗೆ ಎಂಜಲು ಹಚ್ಚಿ ಗುಲಾಬಿ ಟೋಪಿಯನ್ನು ಉಜ್ಜಿದಳು. ಬೆರಳಿಗೆ ಬಣ್ಣ ಹತ್ತಿತು. ಬೆವರಿದರೆ ಹೊಸ ಅಂಗಿಯ ಕತೆ ಮುಗಿಯಿತು ಎಂದುಕೊಂಡು ಬಿಳಿಯದನ್ನು ಹಾಕಿಕೊಂಡಳು. ಮೇಜಿಗೆ ಅಂಟಿಸಿದ್ದ ಸೂಚನೆ ಓದಲಿಲ್ಲ. ಟೋಪಿಯ ಹೊಲಿಗೆ ನೋಡಿದಳು. ಅದೂ ಸುಮಾರಾಗಿತ್ತು.

ಬಿಳಿ ಟೋಪಿಯವರದೇ ಬೇರೆ ಸಾಲು. ಪಕ್ಕದಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರ್ ಒಬ್ಬರು ಹೆಜ್ಜೆ ಹಾಕುತ್ತಿದ್ದರು.

"ಯಾರಮ್ಮಾ ನಿಮಗೆ?"

"ಅಕ್ಕ."

"ಎಷ್ಟು ವರ್ಷ ಆಯ್ತು?"

"ಎರಡು."

"ನನ್ನ ಹೆಂಡತಿಗೆ ನಾಲ್ಕು. ಮನೆಯೆಲ್ಲ ಬಿಕೋ ಅನ್ನುತ್ತೆ, ಅಲ್ವಾ?"

"ಇನ್ನೂ ಅವಳ ಬೈಗುಳ ಕಿವೀಲೇ ಇದೆ," ಎಂದಳು ತಂಗಿ. ಬೆಳಿಗ್ಗೆ ತಾನೇ ಫೋನಿನಲ್ಲಿ ಬೈಸಿಕೊಂಡಿದ್ದಳು.

ಪೋಸ್ಟ್‌ಮಾಸ್ಟರ್ ಕನ್ನಡಕ ಒರೆಸಿಕೊಂಡರು. ಹಿಂದಿದ್ದ ದಪ್ಪನೆಯ ಹೆಂಗಸು ತಂಗಿಯ ಭುಜ ಬಳಸಿ, "ಅತ್ತುಬಿಡಮ್ಮಾ. ಹೋದವರು ನಮ್ಮ ಜೊತೇನೇ ನಡೀತಿರ್ತಾರೆ," ಎಂದಳು.

ಬಿಳಿ ಟೋಪಿ ತೀರಿಕೊಂಡವರ ನೆನಪಿಗೆ ನಡೆಯುವವರದೆಂದು ತಂಗಿಗೆ ಹೊಳೆದದ್ದು ಆಗ. ಹೇಳಿಬಿಡಬಹುದಿತ್ತು. ಆದರೆ ಅಷ್ಟು ಜನರ ನಡುವೆ ನನ್ನ ಅಕ್ಕ ಬದುಕಿದ್ದಾಳೆ ಎನ್ನುವುದು ಜಂಬ ಕೊಚ್ಚಿಕೊಂಡಂತೆ ಕಂಡಿತು.

"ಹೇಗಿದ್ರು ಅಕ್ಕ?" ಪೋಸ್ಟ್‌ಮಾಸ್ಟರ್ ಕೇಳಿದರು.

"ಆಪರೇಷನ್‌ಗೆ ಕರ್ಕೊಂಡು ಹೋಗ್ತಿದ್ರೆ, ಸ್ಟ್ರೆಚರ್ ತಳ್ಳೋನಿಗೆ 'ತಿರುವಿನಲ್ಲಿ ನಿಧಾನ' ಅಂದಳು."

ಸಾಲೆಲ್ಲ ನಕ್ಕಿತು. ತಂಗಿಯೂ ನಕ್ಕಳು, ನಗುನಗುತ್ತಲೇ ಅಳು ಒತ್ತರಿಸಿ ಬಂತು. ಈ ಎರಡು ವರ್ಷದಲ್ಲಿ ಅಕ್ಕನ ಬಗ್ಗೆ ಯಾರೆದುರಿಗೂ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಅಕ್ಕ ಇಲ್ಲ ಅಂದುಕೊಂಡ ಕೂಡಲೇ ಮಾತು ಇಷ್ಟು ಸಲೀಸಾಗಿ ಬರುತ್ತಿದೆಯಲ್ಲ ಎಂದು ಅವಳಿಗೆ ಭಯವಾಯಿತು.

ಮುಂದಿನ ಸರ್ಕಲ್ಲಿನಲ್ಲಿ ನಡಿಗೆಯವರಿಗಾಗಿ ವಾಹನ ತಡೆದಿದ್ದರು. ಎಲ್ಲಕ್ಕಿಂತ ಮುಂದೆ ಡ್ರೈವಿಂಗ್ ಸ್ಕೂಲಿನ ಕಾರು, ಅದರಲ್ಲಿ ಒಬ್ಬಳೇ ಇದ್ದ ಅಕ್ಕನ ತಲೆ ಕಿಟಕಿಯಿಂದ ಹೊರಗೆ. ಅವಳಿಗೂ ನಡಿಗೆಯ ಕರೆಯೋಲೆ ಬಂದಿತ್ತು. ಪೂರ್ತಿ ಓದಿಯೇ ಹರಿದು ಹಾಕಿದ್ದಳು.

"ಏಯ್! ಬಿಳೀದು ಯಾಕೆ ಹಾಕಿದೀಯೇ? ನಾನಿನ್ನೂ ಗೊಟಕ್ ಅಂದಿಲ್ಲ!"

"ಗುಲಾಬೀದು ಬಣ್ಣ ಬಿಡ್ತಿತ್ತು ಕಣೇ!"

"ಇವರು?" ಎಂದರು ಪೋಸ್ಟ್‌ಮಾಸ್ಟರ್.

"ಅಕ್ಕ."

"ಇನ್ನೊಬ್ಬ ಅಕ್ಕನಾ?"

"ಇಲ್ಲ. ಅದೇ ಅಕ್ಕ."

ಪೋಸ್ಟ್‌ಮಾಸ್ಟರ್, ಕಳೆದುಹೋಯಿತೆಂದು ಬರೆದು ಮುಗಿಸಿದ ಪಾರ್ಸೆಲ್ ಕಂಡವರಂತೆ ಅಕ್ಕನನ್ನು ಮೇಲಿಂದ ಕೆಳಗೆ ನೋಡಿ, "ಸಂತೋಷ," ಎಂದರು.

ನಗಲು ಬಾಯಿ ತೆರೆದ ಅಕ್ಕ ತಂಗಿಯ ಮುಖ ನೋಡಿ ಮುಚ್ಚಿದಳು. "ಏನೇ ಕಣ್ಣು ಹೀಗಾಗಿದೆ?"

"ದಾರಿಯುದ್ದಕ್ಕೂ ನಿನಗೋಸ್ಕರ ಅತ್ತಿದೀನಿ. ಎಲ್ಲರೂ ಸಮಾಧಾನ ಮಾಡಿದ್ರು. ಒಂದು ಸಲಕ್ಕೇ ಸಾಕಾಯ್ತು ಅಕ್ಕಾ, ಇನ್ನೊಂದು ಸಲ ನನ್ನ ಕೈಲಾಗಲ್ಲ. ಚೆಕಪ್ಪಿಗೆ ಬಾ."

ನಿಂತಿದ್ದ ಕಾರಿನ ಸ್ಟೀರಿಂಗನ್ನು ಅಕ್ಕ ಹಿಡಿದೇ ಇದ್ದಳು.

"ನನಗೆ ಹೆದರಿಕೆ ಕಣೇ," ಎಂದಳು, ಗೇರು ಬದಲಿಸಲು ಹೇಳಿಕೊಡುವ ದನಿಯಲ್ಲೇ.

"ನನಗೂ."

"ನಾಳೆ ಒಂಬತ್ತಕ್ಕೆ ಬರ್ತೀನಿ. ಡಾಕ್ಟರ್ ರೂಮೊಳಗೂ ಜೊತೆಗಿರಬೇಕು. ಹೊರಗೆ ಕೂತು ಅಳೋದಲ್ಲ."

"ಒಳಗೇ ಕೂತು ಅಳ್ತೀನಿ."

"ಅಳು. ಆದ್ರೆ ಡಾಕ್ಟರ್ ಹೇಳೋದು ನನಗೆ ಕೇಳಿಸಬೇಕು."

ಹಿಂದಿನ ಬಸ್ಸು ಹಾರನ್ ಹೊಡೆಯಿತು. ಅಕ್ಕ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಬೀಗ ಹಾಕಿ, ಬರಿತಲೆಯಲ್ಲೇ ಸಾಲಿಗೆ ಸೇರಿಕೊಂಡಳು. ಮುಂದಿನ ತಿರುವು ಬರುವಷ್ಟರಲ್ಲಿ ಪೋಸ್ಟ್‌ಮಾಸ್ಟರಿಗೆ ಎಡಕ್ಕೇ ಹೋಗಿ ಎಂದು ತಾಕೀತು ಮಾಡುತ್ತಿದ್ದಳು. ಅವರು ಎಡಕ್ಕೇ ಸರಿದರು.