ಎದುರಿಗೆ ಕೂತು ಕಲಿತದ್ದು

ಅಪ್ಪನ ಅಂಗೈಗೆ ವಿಭೂತಿ ಹಚ್ಚುತ್ತಿದ್ದ ಕಾವೇರಿಯ ಮೂಗಿಗೆ ಅಗಸೆ ಎಣ್ಣೆಯ ವಾಸನೆ ಬಂದಂತಾಯಿತು. ಬಂದೂಕಿನ ಕಟ್ಟಿಗೆಗೆ ಆ ಎಣ್ಣೆ ಉಜ್ಜಿದ ಕೈಯಿಂದಲೇ ಅಪ್ಪ ಅವಳನ್ನು ಎತ್ತಿಕೊಳ್ಳುತ್ತಿದ್ದ. ಅವಳ ಲಂಗಕ್ಕೂ ಅದೇ ವಾಸನೆ ಹತ್ತುತ್ತಿತ್ತು. ಅವನು ಆ ಕೆಲಸ ಬಿಟ್ಟೇ ಹದಿನಾಲ್ಕು ವರ್ಷವಾಗಿತ್ತು. ಈಗ ವಾಸನೆ ಎಲ್ಲಿಂದ ಬರಬೇಕು?

ಬೈರಿದೇವರಕೊಪ್ಪದ ಎರಡು ಕೋಣೆಯ ಮನೆಯಲ್ಲಿ ತೀರಿಕೊಂಡ ಅಪ್ಪ ಉಳವಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹೊರಗೆ ಗಂಡಸರು ಅವನನ್ನು ಕೂಡಿಸಿ ಮಣ್ಣಿಗೆ ಒಯ್ಯುವ ವಿಮಾನಕ್ಕೆ ಬಾಳೆಕಂಬ ಕಟ್ಟುತ್ತಿದ್ದರು.

"ಬಿಗಿ ಕಟ್ಟೋ ಬಸಣ್ಣ. ದಾರ್ಯಾಗ ಉಳವಪ್ಪ ಎದ್ದು, 'ಈ ಗಂಟ ನೆಟ್ಟಗಿಲ್ಲ' ಅಂದಾನು."

"ಅಂತಾನ ತಗೀರಿ. ಆದ್ರ ಕಡೀಕ ಅವಂದ ಕೈ ನಡಗಾಕ ಹತ್ತಿತ್ತಲ್ಲ," ಎಂದ ಬಸಣ್ಣ.

ಒಂದಿಬ್ಬರು ನಕ್ಕರು, ಸಾವಿನ ಮನೆಯೆಂದು ನೆನಪಾಗಿ ಸುಮ್ಮನಾದರು. ಹೆಬ್ಬಳ್ಳಿಯ ಸಿದ್ದಲಿಂಗಪ್ಪ ಗೌಡರು ಕಟ್ಟೆಯ ಮೇಲೆ ಕೋಲಿಗೆ ಗದ್ದ ಊರಿ ಕೂತಿದ್ದರು.

"ನಮ್ಮ ಬಂದೂಕ ಸೀಳಿದಾಗ ನಾನ ಅಂದಿದ್ದೆ, ಕೈ ನಡಗಿದ ಮ್ಯಾಲೆ ಮಂದಿ ಬಂದೂಕ ಮುಟ್ಟಬ್ಯಾಡಪಾ ಅಂತ," ಎಂದರು.

ಕಾವೇರಿಯ ಬೆರಳು ಅಪ್ಪನ ಅಂಗೈಯಲ್ಲೇ ನಿಂತಿತು. ಇನ್ನೊಂದು ತಾಸಿಗೆ ಈ ಕೈಯನ್ನು ಮಣ್ಣಿಗೆ ಕೊಡುತ್ತಾರೆ. ಆ ಮಾತು ಮಾತ್ರ ಮೇಲೆ ಉಳಿಯುತ್ತದೆ.

*

ತೊಂಬತ್ತೆರಡರ ದಸರೆಗೆ ನಾಲ್ಕು ದಿನವಿತ್ತು. ಆಯುಧ ಪೂಜೆಗೆಂದು ಗೌಡರು ತಮ್ಮ ಅಜ್ಜನ ಕಾಲದ ಬಂದೂಕು ಕಳಿಸಿದ್ದರು, ನಳಿಗೆಯ ಬಾಯಿಂದ ಮದ್ದು ತುಂಬುವಂಥದ್ದು. ಕಟ್ಟಿಗೆಯನ್ನು ಕೆರೆದು ಎಣ್ಣೆ ಕುಡಿಸಬೇಕೆಂದರೆ ಮೊದಲು ನಳಿಗೆ ಬಿಚ್ಚಬೇಕು. ಅದನ್ನು ಹಿಡಿದಿಟ್ಟದ್ದು ಅಡ್ಡಲಾಗಿ ಹಾಯ್ದ ಮೂರು ಸಣ್ಣ ಮೊಳೆ. ಒಂದು ತುದಿ ತೆಳು, ಇನ್ನೊಂದು ದಪ್ಪ. ಎಡಕ್ಕಿರುವ ತೆಳು ತುದಿಗೇ ಬಡಿಯಬೇಕು. ಉಳವಪ್ಪ ಎಡದಿಂದ ಮೆಲ್ಲಗೆ ಬಡಿದು, ಬಲಕ್ಕೆ ತೆಗೆದು, ಹಲಗೆಯ ಮೇಲೆ ಸಾಲಾಗಿ ಚುಚ್ಚಿಡುತ್ತಿದ್ದ.

ಅಂದು ಅವನು ಎಣ್ಣೆ ತರಲು ಪೇಟೆಗೆ ಹೋಗಿದ್ದ. ಒಂದು ಕೆಲಸವಾದರೂ ಹಗುರಾಗಲೆಂದು ಇಪ್ಪತ್ತರ ಕಾವೇರಿ ಅಪ್ಪನ ಜಾಗದಲ್ಲಿ ಕೂತು ಸುತ್ತಿಗೆ ಹಿಡಿದಳು. ಮೊಳೆ ಅಲುಗಲಿಲ್ಲ. ಜೋರಾಗಿ ಬಡಿದಳು. ಕಟ್ಟಿಗೆ ಗೇಣುದ್ದ ಸೀಳಿತು.

ಅಪ್ಪ ಬಂದವನೇ ಸೀಳಿನ ಮೇಲೆ ಬೆರಳಾಡಿಸಿದ. "ಬಲಗಡೆಯಿಂದ ಬಡದೀಯಲ್ಲವ್ವಾ."

"ನೀನೂ ಹಂಗ ಬಡೀತೀಯಲ್ಲಪ್ಪಾ. ದಿನಾ ನೋಡೇನಿ ನಾ."

ಅವನು ಅವಳ ಕೈಯಿಂದ ಸುತ್ತಿಗೆ ತೆಗೆದುಕೊಂಡ. "ಹೌದವ್ವಾ. ನನ್ನ ಎದುರಿಗೆ ಕುಂತು ನೋಡೀದಿ. ನನ್ನ ಎಡಾ ನಿನಗ ಬಲಾ ಆತು. ಬಾಜೂಕ ಕುಂಡ್ರಿಸಿಕೊಳ್ಳಬೇಕಿತ್ತು ನಾ."

ಆ ವಾರವೇ ಗಬ್ಬೂರಿನಿಂದ ಹೆಣ್ಣು ನೋಡಲು ಬರುವವರಿದ್ದರು. ಪೂಜೆಯ ಬಂದೂಕನ್ನು ಹುಡುಗಿ ಸೀಳಿದಳೆಂದು ತಿಳಿದರೆ ಬಂದವರು ಅಪಶಕುನವೆಂದು ಚಹಾ ಕುಡಿಯದೆ ಏಳುತ್ತಿದ್ದರು. ಉಳವಪ್ಪ ಗೌಡರ ಮುಂದೆ ತಲೆ ತಗ್ಗಿಸಿ ನಿಂತ.

"ನನ್ನ ಕೈ ನಡಗಿತ್ರಿ."

ಆಮೇಲೆ ಯಾರೂ ಬಂದೂಕು ತರಲಿಲ್ಲ. ಕಾವೇರಿಯ ಮದುವೆಯಾಯಿತು. ಉಳವಪ್ಪ ಕಟ್ಟಿಗೆ ಅಡ್ಡೆಯಲ್ಲಿ ದಿಮ್ಮಿ ಹೊತ್ತ.

*

"ಏಳವ್ವಾ, ಹೊತ್ತಾತು," ಎಂದು ತಾಯಿ ರುಕ್ಮವ್ವ ಹೆಗಲು ಮುಟ್ಟಿದಳು.

ಕಾವೇರಿ ಎದ್ದವಳು ನೇರ ಕಟ್ಟೆಗೆ ಬಂದಳು.

"ಗೌಡ್ರ, ನಮ್ಮಪ್ಪನ ಕೈ ಎಂದೂ ನಡಗಿದ್ದಿಲ್ರಿ. ನಿಮ್ಮ ಬಂದೂಕ ಸೀಳಿದಾಕಿ ನಾನು. ತಪ್ಪ ಕಡೆಯಿಂದ ಮೊಳಿ ಬಡದೆ. ನನ್ನ ಮದವಿ ಮುರೀಬಾರದಂತ ಅಂವಾ ತನ್ನ ಕೈ ಮ್ಯಾಲೆ ಹಾಕ್ಕೊಂಡ."

ಬಸಣ್ಣನ ಕೈಯ ಹಗ್ಗ ಸಡಿಲಾಯಿತು. ಬಾಗಿಲಲ್ಲಿದ್ದ ಅವಳ ಗಂಡ ಪರಮೇಶ ನೆಲ ನೋಡಿದ. ಆಮೇಲೆ ಬಂದು ಅವಳ ಪಕ್ಕಕ್ಕೆ ನಿಂತ.

"ಸಂತ್ಯಾಗ, ಮದವ್ಯಾಗ, ಕೇಳಿದವರಿಗೆಲ್ಲಾ ಹೇಳೇನಿ ನಾ," ಎಂದರು ಗೌಡರು, ಯಾರಿಗೂ ಅಲ್ಲದಂತೆ. "ಕೇಳದವರಿಗೂ ಹೇಳೇನಿ."

ಬಸಣ್ಣ ಗಂಟು ಬಿಚ್ಚಿ, ಮತ್ತೊಮ್ಮೆ ನೆಟ್ಟಗೆ ಕಟ್ಟಿದ.

*

ಮಣ್ಣು ಕೊಟ್ಟು ಬಂದಾಗ ಬಿಸಿಲು ಇಳಿದಿತ್ತು. ಒಲೆ ಹಚ್ಚದ ಮನೆ. ಉಳವಪ್ಪನನ್ನು ಕೂಡಿಸಿದ್ದ ಜಾಗದಲ್ಲಿ ಒಂದು ಹಣತೆ. ಕಾವೇರಿ ಅದರ ಪಕ್ಕದಲ್ಲಿ ಕೂತಿದ್ದಳು.

ಗೌಡರು ಹೊಸ್ತಿಲ ಹೊರಗೇ ನಿಂತರು. ಕೋಲನ್ನು ಗೋಡೆಗೆ ಆನಿಸಿ, ರೊಟ್ಟಿ ಝುಣಕದ ಬುತ್ತಿಯನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದರು. ಬುತ್ತಿ ನಡುಗುತ್ತಿತ್ತು. ಕಾವೇರಿ ಎದ್ದು ಬಂದು ಅದರ ಕೆಳಗೆ ತನ್ನ ಕೈ ಹಿಡಿದಳು.