ಸೊಳ್ಳೆಗೆ ಕಾಲು ಕೊಟ್ಟವರು

ಅವಳಿಗೆ ಅಪ್ಪ ಅಮ್ಮ ಇಟ್ಟ ಚೆಂದದ ಹೆಸರೊಂದಿತ್ತು, ಆದರೆ ಸಂಬಳದ ಚೀಟಿಯನ್ನು ಬಿಟ್ಟರೆ ಬೇರೆಲ್ಲೂ ಅದು ಕಾಣಿಸಿಕೊಳ್ಳುತ್ತಿರಲಿಲ್ಲ. ಎಲ್ಲರಿಗೂ ಅವಳು ಸೊಳ್ಳೆ ಮೇಡಂ. ಆರೋಗ್ಯ ಸಂಶೋಧನಾ ಕೇಂದ್ರದ ಹಿಂಬದಿಯಲ್ಲಿ, ಜನರೇಟರಿನ ಶೆಡ್ಡಿಗೂ ಸೈಕಲ್ ಸ್ಟ್ಯಾಂಡಿಗೂ ನಡುವೆ ಸಿಕ್ಕಿಕೊಂಡಿದ್ದ ಸೊಳ್ಳೆ ವಿಭಾಗಕ್ಕೆ ಅವಳೇ ಮುಖ್ಯಸ್ಥೆ, ಅವಳೇ ಸಿಬ್ಬಂದಿ, ಬೇಕೆಂದಾಗ ಅವಳೇ ಮೇವು.

ಮೇವು ಎಂದದ್ದು ತಮಾಷೆಗಲ್ಲ. ಯಾವ ಬೀದಿಯಲ್ಲಿ ಸೊಳ್ಳೆ ಹೆಚ್ಚಿದೆ ಎಂದು ತಿಳಿಯುವುದಕ್ಕೆ ಹಳೆಯದೊಂದು ವಿಧಾನವಿದೆ. ಸಂಜೆ ಅಲ್ಲಿಗೆ ಹೋಗಿ, ಕುರ್ಚಿ ಹಾಕಿಕೊಂಡು, ಮೊಣಕಾಲಿನವರೆಗೆ ಬಟ್ಟೆ ಸರಿಸಿ ಅಲ್ಲಾಡದೆ ಕೂರಬೇಕು. ಸೊಳ್ಳೆ ಬಂದು ಕಾಲ ಮೇಲೆ ಕೂತು, ಇನ್ನೇನು ಚುಚ್ಚಬೇಕು ಎನ್ನುವಷ್ಟರಲ್ಲಿ ಬಾಯಲ್ಲಿ ಹಿಡಿದ ಕೊಳವೆಯಿಂದ ಅದನ್ನು ಸುರ್ರೆಂದು ಎಳೆದು, ಬಲೆ ಕಟ್ಟಿದ ಲೋಟದೊಳಕ್ಕೆ ಊದಿಬಿಡಬೇಕು. ಕೊಳವೆಯ ನಡುವೆ ಜಾಲರಿ ಇರುವುದರಿಂದ ಸೊಳ್ಳೆ ಬಾಯಿಗೆ ಬರುವುದಿಲ್ಲ. ಈ ಮಾತನ್ನು ಅವಳು ನೆಂಟರಿಷ್ಟರ ಮನೆಗಳಲ್ಲಿ ಎಷ್ಟು ಸಲ ಹೇಳಿದ್ದಳೋ, ಆದರೂ ಅವಳು ಕುಡಿದ ಲೋಟವನ್ನು ನಾದಿನಿ ಎರಡು ಸಲ ತೊಳೆಯುತ್ತಿದ್ದಳು.

ಕೇಂದ್ರದಲ್ಲಿ ಈ ಕೆಲಸಕ್ಕೆ ‘ಕಾಲು ಕೊಡೋದು’ ಎನ್ನುತ್ತಿದ್ದರು. ಅದಕ್ಕೆ ಮಡಿಯಂಥ ಕಟ್ಟುಪಾಡುಗಳಿದ್ದವು. ಸುಗಂಧದ ಸೋಪು ಕೂಡದು, ಪೌಡರು ಕೂಡದು, ಕ್ರೀಮಂತೂ ಕೂಡವೇ ಕೂಡದು. ಕೂರುವ ಮೊದಲು ವಾಸನೆಯಿಲ್ಲದ ಸೋಪಿನಲ್ಲಿ ಮೊಣಕಾಲಿನಿಂದ ಹೆಬ್ಬೆರಳಿನವರೆಗೆ ತೊಳೆದುಕೊಳ್ಳಬೇಕು. ಲೋಟದೊಳಗೆ ಬಿದ್ದದ್ದು ಮಾತ್ರ ಲೆಕ್ಕ. ಹೀಗೆ ಹಿಡಿದ ಸೊಳ್ಳೆ ಎಲ್ಲಿ ಹೆಚ್ಚಾಯಿತೋ ಅಲ್ಲಿ ಕೆಲವು ವಾರಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತಿತ್ತು. ಹಿಂದಿನ ವರ್ಷ ಮಾರುಕಟ್ಟೆಯ ಹಿಂದಿನ ಓಣಿಗಳಲ್ಲಿ ಅವಳ ಲೋಟ ತುಂಬಿದ್ದನ್ನು ಕಂಡೇ ಚರಂಡಿಗಳನ್ನು ಶುಚಿ ಮಾಡಿಸಿ, ಮಕ್ಕಳ ವಾರ್ಡಿನಲ್ಲಿ ಹಾಸಿಗೆ ಹೆಚ್ಚಿಸಿದ್ದರು. ಹೆಚ್ಚಿಸಿದ ಹಾಸಿಗೆಗಳಲ್ಲಿ ಅರ್ಧ ಖಾಲಿಯೇ ಉಳಿದವು. ಖಾಲಿ ಹಾಸಿಗೆಗೆ ಯಾರೂ ಹಾರ ತುರಾಯಿ ತರುವುದಿಲ್ಲ. ಅವಳೂ ಅದನ್ನು ಬಯಸಿದವಳಲ್ಲ.

ಆದರೆ ಒಂದು ಗುಟ್ಟಿನ ಹೆಮ್ಮೆ ಅವಳಲ್ಲಿತ್ತು. ಸೊಳ್ಳೆಗಳಿಗೆ ಅವಳೆಂದರೆ ಪ್ರಾಣ. ಹತ್ತು ಜನ ಸಾಲಾಗಿ ಕೂತಿದ್ದರೂ ಅವು ಒಂಬತ್ತು ಜನರನ್ನು ದಾಟಿ ಅವಳ ಬಳಿಗೇ ಬರುತ್ತಿದ್ದವು. ವಯಸ್ಸಿನಲ್ಲಿದ್ದಾಗ ಬೀದಿಯಲ್ಲಿ ಒಬ್ಬರೂ ತಿರುಗಿ ನೋಡದ ಹೆಣ್ಣು ಅವಳು. ಈಗ ಮನೆಯಲ್ಲಿ ಟವೆಲ್ ಎಲ್ಲಿ, ಕೀಲಿ ಎಲ್ಲಿ ಎಂದು ಕೇಳುವುದಕ್ಕಷ್ಟೇ ಅವಳತ್ತ ಮುಖ ಮಾಡುತ್ತಿದ್ದರು. ಹೀಗಿರುವಾಗ ಕತ್ತಲಾಗುವ ಹೊತ್ತಿಗೆ ಯಾವುದೋ ಅಪರಿಚಿತ ಬೀದಿಯಲ್ಲಿ ಕೂತರೆ, ಇಷ್ಟೊಂದು ಜೀವಗಳು ತನ್ನನ್ನೇ ಹುಡುಕಿಕೊಂಡು ಬರುತ್ತವಲ್ಲ ಎಂದು ಅವಳ ಎದೆ ಸ್ವಲ್ಪ ಉಬ್ಬುತ್ತಿತ್ತು. ಇದನ್ನು ಯಾರಿಗೂ ಹೇಳುವಂತಿರಲಿಲ್ಲ.

ಇಂಥ ಸುಖಕ್ಕೆ ಕಲ್ಲು ಬಿದ್ದದ್ದು ಹೊಸ ಆರೋಗ್ಯ ಮಂತ್ರಿಗಳಿಂದ. ಅವರು ಒಂದು ಸಭೆಯಲ್ಲಿ, ಚಪ್ಪಾಳೆಯ ಭರಾಟೆಯಲ್ಲಿ, ಈ ಊರು ಇಂದಿನಿಂದ ಸೊಳ್ಳೆಮುಕ್ತ ಎಂದು ಘೋಷಿಸಿಬಿಟ್ಟರು. ಮಾರನೆಯ ದಿನವೇ ಮಂತ್ರಿಗಳ ಸಲಹೆಗಾರ, ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ, ಸೊಳ್ಳೆ ವಿಭಾಗಕ್ಕೆ ಬಂದ. ಅವನ ಬೆನ್ನಿಗೆ ಕೇಂದ್ರದ ನಿರ್ದೇಶಕರು. ಮೇಲಿನವರು ಏನೇ ಅಂದರೂ ‘ಆಗಲಿ ಸಾರ್’ ಅನ್ನುತ್ತಿದ್ದುದರಿಂದ ಅವರಿಗೆ ಆಗಲಿ ಸಾರ್ ಎಂದೇ ಹೆಸರು ಬಿದ್ದಿತ್ತು.

ಊರಲ್ಲಿ ಸೊಳ್ಳೆಗಳ ಸಂಖ್ಯೆ ಸೊನ್ನೆ ಎಂದು ಟೈಪು ಮಾಡಿದ್ದ ಒಂದು ಹಾಳೆಯನ್ನು ಸಲಹೆಗಾರ ಅವಳ ಮೇಜಿನ ಮೇಲಿಟ್ಟ. ಸಹಿಯೊಂದು ಬಾಕಿ.

“ಘೋಷಣೆ ಆಗೋಗಿದೆ ಮೇಡಂ. ಇನ್ಮೇಲೂ ನೀವು ಸೊಳ್ಳೆ ಹಿಡೀತಾ ಕೂತ್ರೆ ಅದು ಸರ್ಕಾರದ ವಿರುದ್ಧ ಕೆಲಸ ಮಾಡಿದಂಗೆ.”

“ಸೊಳ್ಳೆಗಳಿಗೆ ಘೋಷಣೆ ತಲುಪಿಲ್ಲ ಸಾರ್.”

“ಇಲ್ಲ ಅಂದ್ಮೇಲೆ ಎಣಿಸೋದೇನಿದೆ?”

“ಇಲ್ಲ ಅನ್ನೋದನ್ನೂ ಎಣಿಸಿಯೇ ಹೇಳ್ಬೇಕು ಸಾರ್.”

ಸಲಹೆಗಾರ ನಕ್ಕ. ಹಾಗಾದರೆ ಎಣಿಸೋಣ ಎಂದ. ಬರುವ ಸೋಮವಾರ ಸಂಜೆ, ಮಂತ್ರಿಗಳ ಬಂಗಲೆಯ ಅಂಗಳದಲ್ಲಿ, ಪತ್ರಕರ್ತರ ಎದುರಿನಲ್ಲಿ ಮಂತ್ರಿಗಳೇ ಕಾಲು ಕೊಡುತ್ತಾರೆ. ಬೇಕಿದ್ದರೆ ಪಕ್ಕದಲ್ಲಿ ನೀವೂ ಕೊಡಿ. ಸೊಳ್ಳೆ ಬರಲಿಲ್ಲವೋ, ಅವತ್ತೇ ಅನುದಾನ ರದ್ದು, ಕೋಣೆಗೆ ಬೀಗ. ಒಂದು ಅಂಗಳ ನೋಡಿ ಇಡೀ ಊರಿನ ಮಾತು ಹೇಳುವುದಕ್ಕಾಗುವುದಿಲ್ಲ ಎಂದು ಅವಳು ತಿಳಿಸಿ ಹೇಳಲು ನೋಡಿದಳು. ಪತ್ರಿಕೆಯವರಿಗೆ ಅಷ್ಟೆಲ್ಲ ವಿವರ ಬೇಕಾಗಿಲ್ಲ ಎಂದ ಅವನು. ಆಗಲಿ ಸಾರ್ ಎಂದರು ಆಗಲಿ ಸಾರ್.

ಆ ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಎಲ್ಲ ಹೇಳಿದಳು. ಅವನು ತಟ್ಟೆಯಿಂದ ತಲೆಯೆತ್ತಲಿಲ್ಲ.

“ಸಹಿ ಹಾಕ್ಬಿಡೇ. ಒಂದು ಸೊನ್ನೆ ತಾನೆ? ಕೋಣೆ ಮುಚ್ಚಿದ್ರೆ ಸಂಜೆ ಮನೇಲಿರ್ತೀಯ. ನನಗೂ ಒಳ್ಳೇದು.”

ಇಷ್ಟು ವರ್ಷಗಳ ಮೇಲೆ ಗಂಡ ಸಂಜೆಗೆ ತನ್ನನ್ನು ಬಯಸುತ್ತಿದ್ದಾನಲ್ಲ ಎಂದು ಅವಳಿಗೆ ಒಂದು ಕ್ಷಣ ಕಣ್ಣು ತೇವವಾಯಿತು. “ನಿಮಗೇನು ಒಳ್ಳೇದು?” ಎಂದಳು.

“ನೀನು ಪಕ್ಕದಲ್ಲಿದ್ರೆ ನನಗೆ ಸೊಳ್ಳೆ ಕಚ್ಚಲ್ವಲ್ಲ. ಟಿ.ವಿ. ನೆಮ್ಮದಿಯಾಗಿ ನೋಡ್ಬೋದು.”

ಸೋಮವಾರ ಸಂಜೆ ಅವಳು ಕೊಳವೆ, ಲೋಟ, ಸೋಪುಗಳ ಚೀಲ ಹೊತ್ತು ಬಂಗಲೆಯ ಗೇಟು ದಾಟಿದಳು. ಹಿಂದಿನ ಎರಡು ದಿನ ಅಂಗಳದಲ್ಲಿ ಎಡೆಬಿಡದೆ ಹೊಗೆ ಹಾಕಿಸಿದ್ದಾರೆ ಎಂದು ಗೇಟಿನ ಕಾವಲುಗಾರ ಕೆಮ್ಮುತ್ತಲೇ ಹೇಳಿದ. ಒಂದೂ ಸೊಳ್ಳೆ ಬಾರದಿದ್ದರೆ ಅವಳು ತನ್ನ ಕೈಯಾರೆ ಸೊನ್ನೆ ಬರೆಯಬೇಕು. ಬಂದದ್ದನ್ನು ಬರೆಯುತ್ತೇನೆ ಎಂದವಳು ಬಾರದ್ದನ್ನೂ ಬರೆಯಬೇಕಲ್ಲ.

ಗೇಟಿನಿಂದ ಕುರ್ಚಿಗಳವರೆಗೆ ಎರಡೂ ಬದಿಗೆ ಹೂವಿನ ಕುಂಡಗಳನ್ನು ಸಾಲಾಗಿ ಜೋಡಿಸಿದ್ದರು. ಫೋಟೋ ಚೆನ್ನಾಗಿ ಬರಲಿ ಎಂದು ಸಲಹೆಗಾರ ಆ ಮಧ್ಯಾಹ್ನವಷ್ಟೇ ಸರ್ಕಾರಿ ನರ್ಸರಿಯಿಂದ ಲಾರಿಯಲ್ಲಿ ತರಿಸಿದ್ದ. ಅಭ್ಯಾಸಬಲದಿಂದ ಅವಳು ಒಂದು ಕುಂಡದ ಬಳಿ ಬಗ್ಗಿ ನೋಡಿದಳು. ನರ್ಸರಿಯಿಂದ ಕುಂಡದ ಜೊತೆಗೇ ಬಂದಿದ್ದ ಕೆಳಗಿನ ಆಳದ ತಟ್ಟೆಯ ನೀರಿನಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿದ್ದವು. ಎಲೆಯೊಂದನ್ನು ಮೆಲ್ಲನೆ ತಿರುವಿದರೆ, ಪ್ರಯಾಣದ ಆಯಾಸಕ್ಕೆ ದೊಡ್ಡವು ನಾಲ್ಕು ತಲೆಕೆಳಗಾಗಿ ವಿಶ್ರಮಿಸುತ್ತಿದ್ದವು. ಅವಳಿಗೆ ತವರಿನ ಕಡೆಯವರನ್ನು ಕಂಡಷ್ಟು ಸಂತೋಷವಾಯಿತು. ಆದರೂ ಮುಚ್ಚಿಡುವುದು ಸರಿಯಲ್ಲವೆನಿಸಿ, ತಟ್ಟೆಗಳ ನೀರು ಚೆಲ್ಲಿಸಿ, ಕುಂಡಗಳನ್ನು ಆಚೆ ಇಡಿಸಿ ಎಂದು ಸಲಹೆಗಾರನಿಗೆ ಹೇಳಿದಳು. ಅಲಂಕಾರಕ್ಕೆ ಕೈ ಹಾಕಬೇಡಿ ಎಂದು ಅವನು ಗದರಿದ. ಅವಳ ಕರ್ತವ್ಯ ಅಲ್ಲಿಗೆ ಮುಗಿಯಿತು.

ಮಂತ್ರಿಗಳು ಬಂದರು. ದೊಡ್ಡ ಶರೀರ, ಅದಕ್ಕಿಂತ ದೊಡ್ಡ ನಗು. ಕ್ಯಾಮೆರಾಗಳ ಕಡೆ ಕೈ ಬೀಸಿ, ಪ್ಯಾಂಟು ಮಡಚಿ ಕಾಲು ಚಾಚಿ ಕೂತರು. ಅವರು ಕೂತದ್ದೇ ಗಮ್ಮೆಂದು ನಿಂಬೆಯಂಥ ವಾಸನೆ ಹರಡಿತು. ಅವಳ ಮೂಗಿಗೆ ಅದು ಹೊಸದಲ್ಲ. ಆ ಕಾಲುಗಳಿಗೆ ಸೊಳ್ಳೆ ಕ್ರೀಮನ್ನು ಗೋಡೆಗೆ ಸುಣ್ಣ ಬಳಿದಂತೆ ಬಳಿದಿದ್ದರು. ಸಲಹೆಗಾರ ಬೇರೆಡೆಗೆ ನೋಡುತ್ತಿದ್ದ.

ಅವಳು ಏನೂ ಆಪಾದಿಸಲಿಲ್ಲ. ಚೀಲದಿಂದ ಸೋಪು ತೆಗೆದು, ಕೂರುವ ಮೊದಲು ಎಲ್ಲರೂ ಕಾಲು ತೊಳೆಯುವುದು ನಮ್ಮ ಪದ್ಧತಿ ಎಂದಳಷ್ಟೆ. ಅವಳ ಬಾಯಿ ಮುಚ್ಚುವ ಮೊದಲೇ ಆಗಲಿ ಸಾರ್ ನೀರಿನ ಟಬ್ಬು ಎಳೆದುಕೊಂಡು ಮಂತ್ರಿಗಳ ಕಾಲ ಬುಡದಲ್ಲಿ ಕೂತಾಗಿತ್ತು. ಇಂಥ ಅವಕಾಶಕ್ಕೆ ಅವರು ಸೇವಾವಧಿಯುದ್ದಕ್ಕೂ ಕಾದಿದ್ದರು.

“ಬೇಡ ಬೇಡ, ಸಾಹೇಬ್ರು ಸ್ನಾನ ಮಾಡ್ಕೊಂಡೇ ಬಂದಿದಾರೆ,” ಎಂದು ಸಲಹೆಗಾರ ಅಡ್ಡ ಬಂದ.

“ಇರ್ಲಿ ಬಿಡಯ್ಯ, ಅವರ ಭಕ್ತಿ ಅವರದು,” ಎಂದರು ಮಂತ್ರಿಗಳು, ಕಣ್ಣು ಅರೆಮುಚ್ಚಿ.

ಆಗಲಿ ಸಾರ್ ಒಂದು ಸಲ ತೊಳೆದರು. ಮತ್ತೊಂದು ಸಲ ತೊಳೆದರು. ಬೆರಳ ಸಂದಿಗಳನ್ನೂ ಬಿಡದೆ, ಕ್ಯಾಮೆರಾದವರು ಇನ್ನೊಮ್ಮೆ ಎಂದಾಗ ಮೂರನೆಯ ಸಲವೂ ತಿಕ್ಕಿ ತೊಳೆದರು. ಕ್ರೀಮೆಲ್ಲ ನೊರೆಯಾಗಿ ಟಬ್ಬು ಸೇರಿತು. ಅದನ್ನು ನಿಲ್ಲಿಸಬೇಕೆಂದರೆ ಕ್ರೀಮಿನ ವಿಷಯ ಬಾಯಿಬಿಡಬೇಕಾದ್ದರಿಂದ ಸಲಹೆಗಾರ ಉಗುರು ಕಚ್ಚುತ್ತ ನಿಂತ.

ಕೂರುವುದು ಶುರುವಾಯಿತು. ಮಂತ್ರಿಗಳಿಗೆ ಕೊಳವೆ ಹಿಡಿದು ಗೊತ್ತಿಲ್ಲದ್ದರಿಂದ ಅವರ ಕಾಲಿನ ಸೊಳ್ಳೆ ಹಿಡಿಯುವ ಭಾಗ್ಯವೂ ಆಗಲಿ ಸಾರ್‌ಗೇ ಸಿಕ್ಕಿತು. ಮೊದಲ ಸೊಳ್ಳೆ ಕುಂಡದಿಂದೆದ್ದು ಸೀದಾ ಅವಳ ಮೀನಖಂಡಕ್ಕೆ ಬಂತು. ಸುರ್. ಎರಡನೆಯದೂ ಅವಳಿಗೇ. ಮೂರನೆಯದು ಗಾಳಿಯಲ್ಲಿ ತುಸು ತಡೆದು ಯೋಚಿಸಿ, ಮಂತ್ರಿಗಳ ಕಡೆ ತಿರುಗಿತು.

“ಅಪ್ಪಣೆ ಆದ್ರೆ ಹಿಡೀಲಾ ಸಾರ್?” ಎಂದು ಆಗಲಿ ಸಾರ್ ಕೇಳಿದರು. ಅಪ್ಪಣೆ ಬರುವುದರೊಳಗೆ ಸೊಳ್ಳೆ ಊಟ ಮುಗಿಸಿ ಹೊರಟುಹೋಗಿತ್ತು.

ಮೊದಮೊದಲು ಮಂತ್ರಿಗಳು ನಗುತ್ತಲೇ ಇದ್ದರು. ಆಮೇಲೆ ನಗು ಮಾಸಿತು. ಆಮೇಲೆ ಅವರ ಕಣ್ಣು ಅವಳ ಲೋಟದ ಮೇಲೆ ನೆಟ್ಟಿತು. ಅವಳದರಲ್ಲಿ ನಾಲ್ಕು, ತಮ್ಮದರಲ್ಲಿ ಎರಡು. ಒಂದು ಚುನಾವಣೆಯನ್ನೂ ಸೋಲದ ಮನುಷ್ಯ ಅವರು. ತಾವು ಯಾಕೆ ಕೂತಿದ್ದೇವೆ ಎಂಬುದೇ ಮರೆತುಹೋಗಿ, ಪ್ಯಾಂಟನ್ನು ಇನ್ನಷ್ಟು ಮೇಲಕ್ಕೆಳೆದರು. ಅವಳ ಕಡೆ ಹೋಗುತ್ತಿದ್ದ ಒಂದನ್ನು ಬಾ ಬಾ ಎಂದು ಮೆಲುದನಿಯಲ್ಲಿ ಕರೆದರು. ಅದು ಬಂತು ಕೂಡ.

ಸಮಯ ಮುಗಿದಾಗ ಪತ್ರಕರ್ತರು ಮುತ್ತಿಕೊಂಡು ಎಷ್ಟು ಎಂದು ಕೇಳಿದರು. ಸಲಹೆಗಾರ ಮುಂದೆ ನುಗ್ಗಿ, ಸೊನ್ನೆ ಎಂದು ಬರೆದುಕೊಳ್ಳಿ, ಇವೆಲ್ಲ ಹೊರಗಿನಿಂದ ಬಂದ ಸೊಳ್ಳೆಗಳು, ನಮ್ಮೂರಿನವಲ್ಲ ಎಂದ.

“ಸೊನ್ನೆ ಅಂದ್ರೇನಯ್ಯಾ?” ಮಂತ್ರಿಗಳ ದನಿ ಗಡುಸಾಯಿತು. “ನನಗೆ ಬಂದವೆಲ್ಲ ಎಲ್ಲಿ ಹೋದ್ವು? ಮೇಡಂ, ನೀವು ಹೇಳಿ.”

ಅವಳು ಎರಡೂ ಲೋಟ ಎತ್ತಿ ಬೆಳಕಿಗೆ ಹಿಡಿದಳು. ಆಗಲಿ ಸಾರ್ ಅವಳ ಕಿವಿಯ ಬಳಿ ಬಾಗಿ, ನಿಮ್ಮದರಲ್ಲಿ ಒಂದು ಮೂರು ಅವರ ಲೆಕ್ಕಕ್ಕೆ ಹಾಕಿಬಿಡಿ, ಕೋಣೆ ಉಳಿಯುತ್ತೆ, ಅನುದಾನಾನೂ ಉಳಿಯುತ್ತೆ ಎಂದು ಪಿಸುಗುಟ್ಟಿದರು. ಅವಳ ಮನಸ್ಸು ಓಲಾಡಿತು. ಸೊಳ್ಳೆಗಳ ಹಣೆಯ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲ. ಯಾರಿಗೂ ತಿಳಿಯುವುದಿಲ್ಲ, ಯಾರಿಗೂ ನಷ್ಟವಿಲ್ಲ. ಆದರೆ ಇವತ್ತು ಮಂತ್ರಿಗಳ ಖುಷಿಗೆ ಮೂರು ಸೊಳ್ಳೆ ಆಚೆಗೆ ಹಾಕಿದ ಕೈ, ನಾಳೆ ಇನ್ನೊಬ್ಬರ ಖುಷಿಗೆ ಮಾರುಕಟ್ಟೆಯ ಓಣಿಯ ಸೊಳ್ಳೆಯನ್ನೆಲ್ಲ ಗುಡಿಸಿ ಎಲ್ಲಿಗೆ ಹಾಕೀತು? ಆಗ ಮಕ್ಕಳ ವಾರ್ಡಿನಲ್ಲಿ ಹಾಸಿಗೆ ಸಾಲದೆ ಹೋದರೆ?

“ನಿಮ್ಮದು ಒಂಬತ್ತು ಸಾರ್. ನನ್ನದು ಹನ್ನೊಂದು.”

ಪತ್ರಕರ್ತರು ಎರಡೂ ಸಂಖ್ಯೆ ಬರೆದುಕೊಂಡರು.

“ಕಚ್ಚಿ ಓಡಿಹೋದವು ಲೆಕ್ಕಕ್ಕಿಲ್ವಾ?” ಮಂತ್ರಿಗಳು ಕಾಲನ್ನು ಎಲ್ಲರಿಗೂ ಕಾಣುವಂತೆ ಎತ್ತಿದರು. “ಇಲ್ನೋಡಿ, ಇಲ್ಲೊಂದು ಗಂಟು. ಇಲ್ಲೊಂದು. ಈ ಮೊಣಕಾಲ ಸಂದೀಲಿ ನೋಡಿ ಎಷ್ಟಿವೆ.”

“ಲೋಟದಲ್ಲಿ ಬಿದ್ದದ್ದು ಮಾತ್ರ ಲೆಕ್ಕ ಸಾರ್.”

“ನಾನು ಹೇಳಿದ್ರೂ?”

“ಯಾರು ಹೇಳಿದ್ರೂ ಅಷ್ಟೆ ಸಾರ್.”

ಮಂತ್ರಿಗಳು ಅವಳನ್ನೇ ದಿಟ್ಟಿಸಿದರು. ಅವಳು ಲೋಟಗಳನ್ನು ಎತ್ತಿ ಹಿಡಿದೇ ಇದ್ದಳು. ಕೊನೆಗೆ ಅವರು ಆ ಉರಿಗಣ್ಣನ್ನು ನಿಧಾನವಾಗಿ ಆಗಲಿ ಸಾರ್ ಮೇಲೆ ತಿರುಗಿಸಿದರು.

“ಇವನೇ ನನ್ನವನ್ನೆಲ್ಲ ಬಿಟ್ಟಿದ್ದು. ಇಲ್ದಿದ್ರೆ ಗೆದ್ದಿರ್ತಿದ್ದೆ. ಮುಂದಿನ ವಾರ ಮತ್ತೆ ಕೂರೋಣ ಮೇಡಂ. ಹಿಡಿಯೋಕೆ ಬರೋರನ್ನ ಕಳಿಸಿ.”

“ಆಗಲಿ ಸಾರ್,” ಎಂದರು ಆಗಲಿ ಸಾರ್.

“ಮುಂದಿನ ವಾರಕ್ಕೆ ನಮ್ಮ ಕೋಣೆಗೆ ಬೀಗ ಬಿದ್ದಿರುತ್ತಲ್ಲ ಸಾರ್,” ಎಂದಳು ಅವಳು.

“ಯಾವನು ಹಾಕೋನು?”

ಸಲಹೆಗಾರ ಒಂದು ಕುಂಡದ ಹೂವನ್ನು ಆಸಕ್ತಿಯಿಂದ ಪರೀಕ್ಷಿಸತೊಡಗಿದ. ಅವಳು ಬಿಡಲಿಲ್ಲ. ಒಂದು ವಾರದ ಲೆಕ್ಕ ಲೆಕ್ಕವೇ ಅಲ್ಲ, ಯಾರು ಗೆದ್ದರು ಎಂದು ಖಚಿತವಾಗಿ ಹೇಳಬೇಕಾದರೆ ಊರಿನ ಎಲ್ಲ ಬೀದಿಗಳಲ್ಲಿ ವರ್ಷವಿಡೀ ಕೂರಬೇಕು, ಅದಕ್ಕೆ ಮೂರು ಜನ ಸಿಬ್ಬಂದಿ ಬೇಕು, ಮುಖ್ಯವಾಗಿ ಸಂಖ್ಯೆಯನ್ನು ಮೇಲಿನವರು ಯಾರೂ ಮುಟ್ಟಬಾರದು ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಕೊನೆಯ ಮಾತು ಮಂತ್ರಿಗಳಿಗೆ ಬಹಳ ಹಿಡಿಸಿತು. ಸಂಖ್ಯೆ ಮುಟ್ಟಿದವನ ಕೈ ಮುರಿಯುತ್ತೇನೆ, ಗೆದ್ದರೆ ನಾನು ಅಪ್ಪಟವಾಗಿ ಗೆಲ್ಲಬೇಕು ಎಂದು ಕ್ಯಾಮೆರಾಗಳ ಎದುರೇ ಸಾರಿ, ಸಲಹೆಗಾರನ ಬೆನ್ನನ್ನೇ ಮೇಜು ಮಾಡಿಕೊಂಡು ಅನುದಾನದ ಆದೇಶ ಬರೆದು ಸಹಿ ಹಾಕಿದರು. ನಡುನಡುವೆ ಕಾಲು ಕೆರೆದುಕೊಳ್ಳುತ್ತಿದ್ದುದರಿಂದ ಸಹಿ ಸ್ವಲ್ಪ ಸೊಟ್ಟಗಾಯಿತು.

ಆದೇಶವನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನ ಕಿಟಕಿಯ ಪಕ್ಕ ಕೂತಾಗ ಅವಳಿಗೆ ಹಗುರಾಗಬೇಕಿತ್ತು. ಹಗುರಾಯಿತು ಕೂಡ, ಒಂದೆರಡು ಸ್ಟಾಪಿನವರೆಗೆ. ಆಮೇಲೆ ಮನಸ್ಸಿನ ಮೂಲೆಯಲ್ಲಿ ಏನೋ ಚುರುಗುಟ್ಟಿತು. ಲೋಟದ ಲೆಕ್ಕ ಹನ್ನೊಂದು, ಒಂಬತ್ತು, ಸರಿ. ಆದರೆ ಆ ಮೊಣಕಾಲ ಸಂದಿಯ ಗಂಟುಗಳನ್ನು ಅವಳು ಕಣ್ಣಾರೆ ಕಂಡಿದ್ದಳು. ಬಂದು, ಕಚ್ಚಿ, ಆಗಲಿ ಸಾರ್ ಕೈಗೆ ಸಿಗದೆ ಹಾರಿಹೋದವು ಕಡಿಮೆ ಇರಲಿಲ್ಲ. ನಿಜ ಹೇಳಬೇಕೆಂದರೆ, ಸೊಳ್ಳೆಗಳು ಇವತ್ತು ಅವಳನ್ನು ದಾಟಿ ಅವರ ಬಳಿಗೆ ಹೋಗಿದ್ದವು. ಜೀವನದಲ್ಲೇ ಮೊದಲ ಸಲ ಕಾಲು ಕೊಟ್ಟ ಒಬ್ಬ ಗಂಡಸಿನ ಬಳಿಗೆ!

ಬೆವರಿದ ಮೈಗೆ ಸೊಳ್ಳೆ ಹೆಚ್ಚು ಬರುತ್ತವೆ ಎಂಬುದು ಅವಳಿಗೆ ಗೊತ್ತಿದ್ದ ವಿಷಯ. ಮುಂದಿನ ವಾರ ಬಂಗಲೆಗೆ ಬಸ್ಸಿನಲ್ಲಿ ಬರದೆ ನಡೆದೇ ಬಂದರೆ, ಅದೂ ತುಸು ಬಿರುಸಾಗಿ ನಡೆದರೆ, ಎಂದು ಯೋಚನೆ ಎಲ್ಲಿಗೋ ಹರಿಯಿತು. ಕೂರುವ ಮೊದಲು ಅರ್ಧ ಗಂಟೆ ವಿಶ್ರಾಂತಿ ಪಡೆದಿರಬೇಕು ಎಂಬುದು ನಿಯಮ. ಆ ನಿಯಮವನ್ನು ಬರೆದವಳು ಅವಳೇ. ಅವಳಿಗೆ ನಾಚಿಕೆಯಾಯಿತು, ಆಮೇಲೆ ನಗು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು, ಏನಮ್ಮಾ ಒಬ್ಬಳೇ ನಗ್ತಿದೀಯ ಎಂದು ಕೇಳಿದಳು.

ಏನಿಲ್ಲ ಅಕ್ಕಾ, ಮುಂದಿನ ವಾರ ಬಹುಶಃ ಸೋಲ್ತೀನಿ ಎಂದಳು ಅವಳು.

“ಸೋತ್ರೆ ಏನ್ಮಾಡ್ತೀಯ?”

“ಸೋತೆ ಅಂತ ಬರೀತೀನಿ,” ಎಂದಳು.