ಬೂಷ್ಟಿಗೂ ಜ್ವರ ಬರುತ್ತದೆ

ಗೋಧಿ ಹೂವಿಗೆ ಬಂದಿತ್ತು. ಮಳೆ ಮಾತ್ರ ಹಟ ಹಿಡಿದು ಸುರಿಯುತ್ತಿತ್ತು. ಹೂವಿನ ಹೊತ್ತಿನಲ್ಲಿ ಹೀಗೆ ತೇವ ನಿಂತರೆ ತೆನೆಗೆ ಗುಲಾಬಿ ಬೂಷ್ಟು ಹತ್ತುತ್ತದೆ. ನಮ್ಮ ಚೀನಾದ ಹಾನ್ ನದಿಯ ಈ ದಂಡೆಯಲ್ಲಿ ಅದರ ಕಾಟ ಕಾಣದ ಮನೆಯಿಲ್ಲ. ಆದರೂ ನಾವು ಹೊತ್ತಿಗೆ ಸರಿಯಾಗಿ ಉಂಡೆವು. ಪಕ್ಕದ ಮನೆಯ ಗೆನ್‌ಫು ಮಾತ್ರ ಊಟ ಬಿಟ್ಟು ಬದುವಿನ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದ. ನೋಡಿ ನೋಡಿ ನನಗೇ ತಲೆ ಕೆಟ್ಟಿತು.

ಅವನ ಹೆಂಡತಿ ಯೂಲಾನ್ ಸಂತೆಯಲ್ಲಿ ಹಬೆಯಲ್ಲಿ ಬೇಯಿಸಿದ ಬನ್ನು ಮಾರುವವಳು. ಹೋದ ವರ್ಷ ಬೂಷ್ಟು ಹಿಡಿದ ಗೋಧಿಯನ್ನೇ ತೂರಿ, ಬೀಸಿ, ಬನ್ನು ಮಾಡಿಬಿಟ್ಟಳು. ತಿಂದವರು ವಾಂತಿ ಮಾಡಿಕೊಂಡರು. ಆಮೇಲೆ ಅವಳ ಒಲೆಯ ಕಡೆ ಯಾರೂ ತಲೆ ಹಾಕಲಿಲ್ಲ. ಈ ಸಲವೂ ಗೋಧಿ ಕೆಟ್ಟರೆ ಅವಳ ವ್ಯಾಪಾರ ಮುಗಿದ ಹಾಗೆಯೇ.

ಬಿತ್ತನೆಗೆ ಮುಂಚೆ ಕೃಷಿ ಕೇಂದ್ರದ ಷೂಮಿನ್ ಪ್ರಯೋಗಕ್ಕೆಂದು ಒಂದು ಕ್ಯಾನು ದ್ರವ ತಂದುಕೊಟ್ಟಿದ್ದಳು. ಬೀಜಕ್ಕೆ ಬೆರೆಸಿ ಬಿತ್ತಬೇಕು ಎಂದಳು.

“ಏನಮ್ಮಾ ಇದ್ರೊಳಗೆ?” ಎಂದು ಗೆನ್‌ಫು ಮೂಸಿ ನೋಡಿದ.

“ಬೂಷ್ಟು, ದೊಡ್ಡಪ್ಪ. ಅದಕ್ಕೆ ವೈರಸ್ ಹಿಡಿದಿದೆ.”

ಗೆನ್‌ಫು ಕ್ಯಾನನ್ನು ದೂರ ತಳ್ಳಿದ. “ವೈರಸ್ಸಾ! ಆ ಹೆಸರು ಕೇಳಿ ಬಾಗಿಲು ಹಾಕ್ಕೊಂಡು ಕೂತಿದ್ದು ಸಾಲ್ದಾ? ಈಗ ಹೊಲಕ್ಕೂ ತಂದ್ಯಾ?”

“ಇದು ಮನುಷ್ಯರಿಗೆ ಬರೋದಲ್ಲ. ಬೂಷ್ಟಿಗೆ ಬರೋ ಕಾಯಿಲೆ. ಈ ಬೂಷ್ಟು ಸಾಸಿವೆ ಗಿಡ ಕೊಳೆಸ್ತಿತ್ತು. ವೈರಸ್ ಹಿಡಿದ ಮೇಲೆ ಆ ಶಕ್ತಿ ಹೋಯ್ತು. ಈಗ ಗೋಧಿ ಗಿಡದೊಳಗೆ ತೆಪ್ಪಗಿರತ್ತೆ. ಒಳಗೆ ಯಾರೋ ಬಂದು ಕೂತಿದಾರೆ ಅಂತ ಗಿಡ ಎಚ್ಚರ ಆಗತ್ತೆ. ಗುಲಾಬಿ ಬೂಷ್ಟು ಬಂದ್ರೆ ಎದುರು ನಿಲ್ಲತ್ತೆ.”

“ಕಳ್ಳನಿಗೆ ಜ್ವರ ಬರ್ಸಿ ನಮ್ಮನೆ ಜಗಲಿ ಮೇಲೆ ಮಲಗಿಸ್ತೀನಿ ಅಂತೀಯಾ!”

“ಹಂಗೇ ಅಂದ್ಕೊಳ್ಳಿ. ರೋಗ ಪೂರ್ತಿ ನಿಲ್ಲತ್ತೆ ಅಂತ ನಾನು ಹೇಳಲ್ಲ. ಕಡಿಮೆ ಆಗ್ಬಹುದು, ಅಷ್ಟೇ. ಹೂವಿನ ಹೊತ್ತಿಗೆ ಎಂದಿನ ಮದ್ದು ಸಿಂಪಡಿಸೋದು ಇದ್ದೇ ಇದೆ. ಆದ್ರೆ ಬೀಜಕ್ಕೆ ಮಾತ್ರ ಎಂದಿನ ಕೆಂಪು ಪುಡಿ ಹಾಕ್ಬೇಡಿ. ಅದು ಬೂಷ್ಟು ಸಾಯಿಸೋ ಪುಡಿ. ಇದೂ ಸತ್ತೋಗತ್ತೆ.”

“ಹಾಕಿ ನೋಡು ಒಂದ್ಸಲ,” ಎಂದಳು ಯೂಲಾನ್. “ಕಳ್ಕೊಳ್ಳೋಕೆ ಇನ್ನೇನುಳಿದಿದೆ?”

ಗೆನ್‌ಫು ಗೊಣಗುತ್ತಲೇ ದ್ರವ ಬೆರೆಸಿ ಬಿತ್ತಿದ್ದ. ಈಗ ಹೂವಿನ ಹೊತ್ತಿಗೆ ಮಳೆ ಚೂರು ಬಿಡುವು ಕೊಟ್ಟಿತು. ಗೆನ್‌ಫು ಓಡಿಹೋಗಿ ಇಡೀ ಹೊಲಕ್ಕೆ ಮದ್ದು ಸಿಂಪಡಿಸಿದ. ಆದರೂ ಅವನ ಓಡಾಟ ನಿಲ್ಲಲಿಲ್ಲ. ಯೂಲಾನ್ ಬದುವಿಗೇ ಬಂದು ಅಡ್ಡ ನಿಂತಳು.

“ಮಳೆಗೆ ಇಷ್ಟೊಂದು ಹೆದರೋ ಆಸಾಮಿ ಅಲ್ಲ ನೀನು. ಏನು ಮಾಡಿದೀಯ, ಬೊಗಳು.”

“ಕೆಂಪು ಪುಡಿ ಹಾಕ್ದೆ.”

“ಎಲ್ಲದಕ್ಕೂನಾ?”

“ಕೆರೆ ಕಡೆ ಬಿತ್ತಿದ್ದಕ್ಕೆ. ರಸ್ತೆ ಕಡೆಗೆ ಬರೋಷ್ಟರಲ್ಲಿ ಪುಡಿ ಮುಗೀತು. ಪುಡಿ ಇಲ್ದೆ ನಮ್ಮಪ್ಪ ಯಾವತ್ತಾದ್ರೂ ಬಿತ್ತಿದ್ನಾ? ಕೈ ತಡೀಲಿಲ್ಲ ಕಣೇ. ವೈರಸ್ ಅಂದ್ರಲ್ಲ, ಅದಕ್ಕೂ ಇದೇ ಮದ್ದು ಅಂದ್ಕೊಂಡೆ.”

ನನಗೆ ಅವನ ಬೆನ್ನಿಗೆರಡು ಗುದ್ದಬೇಕು ಅನ್ನಿಸಿತು. ಯೂಲಾನ್ ತಿರುಗಿ ಮನೆಗೆ ಹೋಗಿಬಿಟ್ಟಳು.

ತೆನೆ ಬಲಿಯುವಾಗ ಎಲ್ಲ ಕಣ್ಣಿಗೆ ಕಂಡಿತು. ಕೆರೆ ಕಡೆ ತೆನೆಗಳು ಬಿಳಿಚಿ, ಬುಡದಲ್ಲಿ ಗುಲಾಬಿ ಬಣ್ಣ ಕಟ್ಟಿದವು. ರಸ್ತೆ ಕಡೆ ಅಲ್ಲೊಂದು ಇಲ್ಲೊಂದು ಅಷ್ಟೇ. ಗೆನ್‌ಫುಗೆ ಆಗಲೂ ಬುದ್ಧಿ ಬರಲಿಲ್ಲ.

“ಎರಡೂ ಬೆರೆಸಿಬಿಡೋಣ. ಯಾರಿಗೆ ಗೊತ್ತಾಗತ್ತೆ?”

“ನಿನ್ನ ಹೊಲ ಅರ್ಧ ಕೆಟ್ಟಿದೆ. ನನ್ನ ಹೆಸರು ಪೂರ್ತಿ ಕೆಟ್ಟಿದೆ,” ಎಂದಳು ಯೂಲಾನ್. “ಬೆರೆಸಿದ್ರೆ ಒಲೆ ನಾನೇ ಒಡೆದು ಹಾಕ್ತೀನಿ.”

“ಹಂದಿಗಾದ್ರೂ ಹಾಕೋಣ. ಬೇಯಿಸಿ ಹಾಕಿದ್ರಾಯ್ತು.”

ಬೆಳೆ ನೋಡಲು ಬಂದಿದ್ದ ಷೂಮಿನ್ ಅಲ್ಲೇ ಇದ್ದಳು. “ಬೇಡ ದೊಡ್ಡಪ್ಪ, ಹಂದಿನೂ ತಿನ್ನಬಾರದು. ಎಷ್ಟು ಬೇಯಿಸಿದ್ರೂ ಆ ವಿಷ ಹೋಗಲ್ಲ. ರಸ್ತೆ ಕಡೆದು ಬೇರೆ ಕೊಯ್ದು, ಬೇರೆ ಒಣಗಿಸಿ, ಪರೀಕ್ಷೆಗೆ ಕೊಡಿ.”

ಕೊಟ್ಟರು. ಫಲಿತಾಂಶ ಬರುವವರೆಗೆ ಯೂಲಾನ್ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಆ ಗೋಧಿ ತಿನ್ನಬಹುದು ಎಂದು ಕೇಂದ್ರದವರು ಹೇಳಿದ ಮೇಲೆಯೇ ಹಿಟ್ಟು ಬೀಸಿದಳು.

ಸಂತೆಯ ಬೆಳಗ್ಗೆ ಬಿದಿರು ಬುಟ್ಟಿಗಳಿಂದ ಹಬೆ ಏಳುತ್ತಿತ್ತು. ಜನ ಬಂದರು, ನೋಡಿದರು, ಮುಂದೆ ಹೋದರು. ಯೂಲಾನ್ ಮುಖ ಸಪ್ಪಗಾಯಿತು. ಆಗ ಗೆನ್‌ಫು ಸ್ಟೂಲು ಬಿಟ್ಟೆದ್ದ. ಹುಟ್ಟಿದಾಗಿನಿಂದ ತನ್ನದು ತಪ್ಪು ಎಂದು ಒಪ್ಪಿದ ಗಂಡಸಲ್ಲ ಅವನು.

“ನಮ್ಮ ಗೋಧಿ ಈ ಸಲಾನೂ ಅರ್ಧ ಕೆಟ್ಟಿತು!” ಎಂದು ಕೂಗಿದ. “ಕೆಡಿಸಿದ್ದು ನಾನೇ. ಹೇಳಿದ್ದು ಕೇಳ್ದೆ ಪುಡಿ ಹಾಕ್ದೆ. ಆ ಅರ್ಧ ಹಂದಿಗೂ ಹಾಕಿಲ್ಲ, ಗುಂಡಿ ತೋಡಿ ಹೂತಿದೀನಿ. ಇದು ಇನ್ನರ್ಧ. ಪರೀಕ್ಷೆ ಮಾಡ್ಸಿದೀವಿ.”

ಸಂತೆಯವರೆಲ್ಲ ತಿರುಗಿ ನೋಡಿದರು. ಎದುರಿನ ಮೀನಂಗಡಿಯ ಹೆಂಗಸು ಕೈ ಒರೆಸಿಕೊಂಡು ಬಂದಳು.

“ನಮ್ಮದು ಒಳ್ಳೇದು ಅನ್ನೋರು ದಿನಾ ಸಿಗ್ತಾರೆ. ಕೆಟ್ಟಿತ್ತು ಅಂದೋನು ಇವನೊಬ್ಬ. ಕೊಡಮ್ಮ ನಾಲ್ಕು.”

ಯೂಲಾನ್ ಬಿಸಿ ಬನ್ನು ಎತ್ತಿಕೊಟ್ಟಳು, ಚೀಲವನ್ನು ಗೆನ್‌ಫುವೇ ಕಟ್ಟಿಕೊಟ್ಟ.

ರೈತ ಬಂಧುಗಳೇ, ವೈರಸ್ ಎಂದ ಕೂಡಲೇ ಬೆದರಬೇಡಿ. ಬೂಷ್ಟನ್ನು ಕಾಡುವ ವೈರಸ್ಸುಗಳೂ ಇವೆ, ಅವನ್ನು ಬೆಳೆಯ ಕಾವಲಿಗೆ ಹಚ್ಚುವ ಪ್ರಯತ್ನ ನಡೆದಿದೆ. ಅಂಥ ಪ್ರಯೋಗ ನಿಮ್ಮ ಹೊಲಕ್ಕೆ ಬಂದರೆ ಅನುಮಾನ ಇದ್ದದ್ದನ್ನೆಲ್ಲ ಬಾಯಿಬಿಟ್ಟು ಕೇಳಿ, ಕದ್ದು ಏನನ್ನೂ ಬೆರೆಸಬೇಡಿ. ಹೂವಿನ ಹೊತ್ತಿನ ಸಿಂಪಡಣೆ ತಪ್ಪಿಸಬೇಡಿ. ಬೂಷ್ಟು ಹಿಡಿದ ಕಾಳನ್ನು ಒಳ್ಳೆಯ ಕಾಳಿಗೆ ಸೇರಿಸಬೇಡಿ. ಊಟಕ್ಕೆ ಕೂತವರಿಗೆ ನಿಮ್ಮ ಹೊಲ ಕಾಣುವುದಿಲ್ಲ, ಅವರು ನಿಮ್ಮನ್ನು ನಂಬಿ ತಿನ್ನುತ್ತಾರೆ.